ಸಿಂಗಾಪುರದ ಮನೆಯಲ್ಲಿ ಅಲರ್ಜಿ, ಉಬ್ಬಸ: ಹಾಸಿಗೆಯಿಂದ ಶುರು ಮಾಡಿ

ಸಿಂಗಾಪುರದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. "ಊರಲ್ಲಿದ್ದಾಗ ಯಾವಾಗಲೋ ಒಮ್ಮೆ ನೆಗಡಿ ಆಗುತ್ತಿತ್ತು. ಇಲ್ಲಿ ಬೆಳಗಾದರೆ ಸಾಕು, ಸಾಲು ಸೀನು. ಮಗುವಿಗೆ ರಾತ್ರಿಯೆಲ್ಲ ಕೆಮ್ಮು." ಇಷ್ಟು ಚೊಕ್ಕಟವಾದ ಊರು, ರಸ್ತೆಯಲ್ಲಿ ಧೂಳೇ ಕಾಣುವುದಿಲ್ಲ, ಆದರೂ ಹೀಗ್ಯಾಕೆ ಅಂತ ಅನ್ನಿಸುವುದು ಸಹಜ ಅಲ್ವಾ?

ಕಾರಣ ಇಲ್ಲಿನ ಹವೆಯಲ್ಲಿದೆ. ಭೂಮಧ್ಯರೇಖೆಗೆ ಒಂದೇ ಡಿಗ್ರಿ ದೂರದ ದ್ವೀಪ ಇದು. ಹಗಲಲ್ಲಿ 31ರಿಂದ 33 ಡಿಗ್ರಿ ಬಿಸಿ, ರಾತ್ರಿ 23ರಿಂದ 25. ಗಾಳಿಯ ತೇವ ಮುಂಜಾವದಲ್ಲಿ ಶೇ. 90 ದಾಟುತ್ತದೆ. ಮಳೆ ಇಲ್ಲದ ಮಧ್ಯಾಹ್ನದಲ್ಲೂ ಶೇ. 60ರ ಆಸುಪಾಸು. ಡಸ್ಟ್ ಮೈಟ್ ಅನ್ನುವ, ಬರಿಗಣ್ಣಿಗೆ ಕಾಣದ ಧೂಳಿನ ಹುಳಕ್ಕೆ ಬೇಕಾದ್ದು ಇದೇ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ತಿನ್ನುವುದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಹಾಸಿಗೆ, ದಿಂಬು, ಸೋಫಾ ಅದರ ಮನೆ. ನಮಗೆ ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ.

ಸಿಂಗಾಪುರದಲ್ಲಿ ಇಂಥ ಹುಳಗಳಲ್ಲಿ ಎರಡು ಜಾತಿ ಮುಖ್ಯ. ಒಂದು ಜಗತ್ತಿನಾದ್ಯಂತ ಸಿಗುವ ಡರ್ಮಟೋಫಗಾಯ್ಡಿಸ್. ಇನ್ನೊಂದು ಬಿಸಿ-ತೇವದ ನಾಡುಗಳಲ್ಲೇ ಜಾಸ್ತಿ ಇರುವ ಬ್ಲೋಮಿಯಾ ಟ್ರಾಪಿಕಾಲಿಸ್. ಇಲ್ಲಿ ಅಲರ್ಜಿ ಇರುವವರನ್ನು ಪರೀಕ್ಷೆ ಮಾಡಿದರೆ ಬಹುಪಾಲು ಜನರಲ್ಲಿ ಕಾಣುವುದು ಈ ಹುಳಗಳ ಅಲರ್ಜಿಯೇ. ಹೊರಗಿನಿಂದ ಬಂದವರಿಗೂ ಕೆಲವು ವರ್ಷ ಇಲ್ಲಿ ಕಳೆದ ಮೇಲೆ ಇದೇ ಅಲರ್ಜಿ ಬೆಳೆಯುತ್ತದೆ ಅನ್ನುವುದು ಇಲ್ಲಿನ ಅಧ್ಯಯನದಲ್ಲೇ ಗೊತ್ತಾಗಿದೆ. "ಬಂದ ಹೊಸದರಲ್ಲಿ ಏನೂ ಇರಲಿಲ್ಲ, ಈಗ್ಯಾಕೆ ಶುರುವಾಯಿತು?" ಅನ್ನುವವರಿಗೆ ಉತ್ತರ ಇದು.

ಬೆಂಗಳೂರಲ್ಲಿ ಕಾಂಗ್ರೆಸ್ ಗಿಡದ ಪರಾಗಕ್ಕೋ ಚಳಿಗಾಲದ ಮಂಜಿಗೋ ಒಂದು ಕಾಲ ಅಂತ ಇದೆ. ಆ ಕಾಲ ಮುಗಿದರೆ ಮೂಗೂ ಸುಮ್ಮನಾಗುತ್ತದೆ. ಇಲ್ಲಿ ಹಾಗಲ್ಲ. ಕಾರಣ ವರ್ಷವಿಡೀ ಮನೆಯೊಳಗೇ ಇರುತ್ತದೆ. ಹಾಗಾಗಿ "ತೊಂದರೆ ಬಂದಾಗ ಒಂದು ಮಾತ್ರೆ" ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮನೆಯ ಆರೈಕೆಯೂ ಔಷಧವೂ ದಿನದ ಕೆಲಸವೇ ಆಗಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಎರಡು ವಾರ ಬರೆದಿಡಿ

"ಎಷ್ಟು ದಿನದಿಂದ? ರಾತ್ರಿ ಜಾಸ್ತಿಯಾ, ಹಗಲು ಜಾಸ್ತಿಯಾ?" ಅಂತ ಡಾಕ್ಟರು ಕೇಳಿದಾಗ ಥಟ್ಟಂತ ಹೇಳಲು ಯಾರಿಗೂ ಆಗುವುದಿಲ್ಲ. ಫೋನಿನಲ್ಲೇ ದಿನಕ್ಕೆ ಒಂದು ಸಾಲು ಬರೆಯಿರಿ. ಎದ್ದ ಕೂಡಲೇ ಸೀನು ಬಂತಾ? ಕಣ್ಣು, ಮೂಗು ತುರಿಸಿತಾ? ನಡುರಾತ್ರಿ ಕೆಮ್ಮಿ ಎಚ್ಚರವಾಯಿತಾ? ಆಟ ಆಡಿದ ಮೇಲೆ, ಜೋರಾಗಿ ನಕ್ಕ ಮೇಲೆ ಕೆಮ್ಮು ಬಂತಾ? ಆವತ್ತು ಮನೆಯಲ್ಲಿ ಏನು ವಿಶೇಷ ನಡೆದಿತ್ತು? ಬೀರುವಿನಿಂದ ಹಳೇ ಬಟ್ಟೆ ತೆಗೆದಿದ್ದು, ಧೂಪ ಹಾಕಿದ್ದು, ಪಕ್ಕದ ಬ್ಲಾಕಿನಲ್ಲಿ ಸೊಳ್ಳೆಗೆ ಹೊಗೆ ಬಿಟ್ಟಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮಗುವಿಗೆ ರಾತ್ರಿ ಎದೆಯಲ್ಲಿ ಸುಯ್ ಸುಯ್ ಅಂದರೆ ಅಂಗಿ ಮೇಲೆತ್ತಿ ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ಬೆಳಗ್ಗೆ ಕ್ಲಿನಿಕ್ಕಿಗೆ ಹೋಗುವ ಹೊತ್ತಿಗೆ ಆ ಶಬ್ದ ಇರುವುದೇ ಇಲ್ಲ. "ಮಗು ಚೆನ್ನಾಗಿಯೇ ಇದೆಯಲ್ಲ" ಅನ್ನಿಸಿಕೊಂಡು ವಾಪಸ್ ಬರಬೇಕಾಗುತ್ತದೆ. ವಿಡಿಯೋ ಇದ್ದರೆ ಆ ಗೋಜಿಲ್ಲ.

ಗುರುತು ಹಿಡಿಯಲು ಇಷ್ಟು ನೆನಪಿಡಿ. ಮಾಮೂಲಿ ನೆಗಡಿ ಒಂದು ವಾರ, ಹತ್ತು ದಿನದಲ್ಲಿ ಹೋಗುತ್ತದೆ, ಜೊತೆಗೆ ಜ್ವರವೋ ಗಂಟಲು ನೋವೋ ಇರಬಹುದು. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ, ತುರಿಕೆ ಇರುತ್ತದೆ, ಮೂಗಿನಿಂದ ನೀರಿನಂತೆ ಸೋರುತ್ತದೆ, ವಾರಗಟ್ಟಲೆ ನಡೆಯುತ್ತದೆ. ಕೆಮ್ಮು, ಸುಯ್ ಶಬ್ದ, ಎದೆ ಬಿಗಿತ ಬಂದು ಹೋಗಿ ಮಾಡುತ್ತಿದ್ದರೆ, ಅದೂ ರಾತ್ರಿ ಮತ್ತು ಮುಂಜಾನೆ ಜಾಸ್ತಿ ಆಗುತ್ತಿದ್ದರೆ, ಅಸ್ತಮಾ ಇರಬಹುದು. ಮೂಗಿನ ಅಲರ್ಜಿಯನ್ನು ಹಾಗೇ ಬಿಟ್ಟರೆ ಅಸ್ತಮಾ ಹತೋಟಿಗೆ ಬರುವುದೂ ಕಷ್ಟ. ಎರಡನ್ನೂ ಒಟ್ಟಿಗೆ ನೋಡಿಕೊಳ್ಳಬೇಕು.

2. ಪರೀಕ್ಷೆ ಮಾಡಿಸಿ, ಖರ್ಚಿನ ದಾರಿ ತಿಳಿದುಕೊಳ್ಳಿ

ಮೊದಲು ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಡಾಕ್ಟರು, ಅಥವಾ ಸರ್ಕಾರಿ ಪಾಲಿಕ್ಲಿನಿಕ್. ದೊಡ್ಡ ಆಸ್ಪತ್ರೆಯ ತಜ್ಞರು ಬೇಕಾದರೆ ಅವರೇ ಚೀಟಿ ಕೊಡುತ್ತಾರೆ. ಉಬ್ಬಸದ ಅನುಮಾನ ಇದ್ದರೆ ಸ್ಪೈರೋಮೆಟ್ರಿ ಮಾಡಿಸಿ ಅಂತ ನೀವೇ ಕೇಳಿ. ಕೊಳವೆಯೊಳಗೆ ಜೋರಾಗಿ ಊದುವ ಪರೀಕ್ಷೆ ಅದು, ನೋವಿಲ್ಲ. ಔಷಧ ಎಳೆದುಕೊಂಡ ಮೇಲೆ ಇನ್ನೊಮ್ಮೆ ಊದಿಸುತ್ತಾರೆ. ಊದುವ ಶಕ್ತಿ ಚೆನ್ನಾಗಿ ಸುಧಾರಿಸಿದರೆ ಅದು ಅಸ್ತಮಾ ಕಡೆ ಬೆರಳು ತೋರಿಸುತ್ತದೆ. ತುಂಬಾ ಚಿಕ್ಕ ಮಕ್ಕಳಿಗೆ ಇದನ್ನು ಮಾಡಲಾಗುವುದಿಲ್ಲ. ಅವರ ವಿಷಯದಲ್ಲಿ ನೀವು ಬರೆದಿಟ್ಟದ್ದೇ ಡಾಕ್ಟರಿಗೆ ಆಧಾರ.

ಯಾವುದರ ಅಲರ್ಜಿ ಅಂತ ತಿಳಿಯಲು ಸ್ಕಿನ್ ಪ್ರಿಕ್ ಪರೀಕ್ಷೆ ಇದೆ. ಮುಂಗೈ ಮೇಲೆ ಹನಿ ಹಾಕಿ ಸಣ್ಣಗೆ ಚುಚ್ಚಿ, ಕಾಲು ಗಂಟೆಯಲ್ಲಿ ಗಾದರಿ ಏಳುತ್ತದಾ ಅಂತ ನೋಡುತ್ತಾರೆ. ಸೆಟ್ರಿಜಿನ್‌ನಂಥ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಫಲಿತಾಂಶ ಸರಿ ಬರುವುದಿಲ್ಲ. ಎಷ್ಟು ದಿನ ಅಂತ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಅಸ್ತಮಾದ ಔಷಧವನ್ನು ಮಾತ್ರ ಡಾಕ್ಟರು ಹೇಳದೆ ನಿಲ್ಲಿಸಬೇಡಿ.

ಖರ್ಚಿನ ವಿಷಯ. ಪೌರತ್ವ ಅಥವಾ ಪಿಆರ್ (ಕಾಯಂ ನಿವಾಸ) ಇದ್ದವರಿಗೆ ಪಾಲಿಕ್ಲಿನಿಕ್‌ನಲ್ಲಿ ಸಬ್ಸಿಡಿ ಸಿಗುತ್ತದೆ. ಅಸ್ತಮಾ ಮತ್ತು ಸಿಒಪಿಡಿ (ಹೊಗೆಯಿಂದ ಶ್ವಾಸನಾಳ ಕಿರಿದಾಗುವ ದೀರ್ಘ ಕಾಯಿಲೆ) ಎರಡೂ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿವೆ, ಹಾಗಾಗಿ ಮೆಡಿಸೇವ್ ಅನ್ನುವ ಆರೋಗ್ಯ ಉಳಿತಾಯ ಖಾತೆಯ ಹಣವನ್ನೂ ಬಳಸಬಹುದು. ಕೆಲಸದ ಪಾಸಿನಲ್ಲಿ ಬಂದವರಿಗೆ ಈ ಎರಡೂ ಇಲ್ಲ. ಕಂಪನಿಯ ವಿಮೆ ಹೊರರೋಗಿ ಭೇಟಿಗೆ, ಮೊದಲೇ ಇದ್ದ ಕಾಯಿಲೆಗೆ ಅನ್ವಯಿಸುತ್ತದಾ ಅಂತ ಎಚ್‌ಆರ್ ಹತ್ತಿರ ಬಾಯಿಬಿಟ್ಟು ಕೇಳಿ. ಎಷ್ಟೋ ಮನೆಗಳಲ್ಲಿ ಇನ್ಹೇಲರ್ ನಿಂತುಹೋಗುವುದು ಕಾಯಿಲೆ ವಾಸಿಯಾಗಿ ಅಲ್ಲ, ಬಿಲ್ಲಿಗೆ ಹೆದರಿ. ಹಾಗಿದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ಕಡಿಮೆ ಬೆಲೆಯ ಪರ್ಯಾಯ ಬಹಳ ಸಲ ಇರುತ್ತದೆ.

3. ಮಲಗುವ ಕೋಣೆ: ನಿಮ್ಮ ಶ್ರಮವೆಲ್ಲ ಇಲ್ಲಿರಲಿ

ಇಡೀ ಮನೆಯನ್ನು ಒಂದೇ ಸಲ ಸರಿ ಮಾಡಲು ಹೊರಟರೆ ಎರಡೇ ವಾರದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತೀರಿ. ದಿನದ ಏಳೆಂಟು ಗಂಟೆ ಮುಖ ಇಟ್ಟು ಮಲಗುವ ಜಾಗ ಒಂದೇ. ಅದನ್ನು ಮೊದಲು ನೋಡಿ.

ಹಾಸಿಗೆ ಮತ್ತು ದಿಂಬಿಗೆ ಪೂರ್ತಿ ಸುತ್ತಿ ಜಿಪ್ ಹಾಕುವ, ಹುಳ ತಡೆಯುವ ಕವರ್ ಸಿಗುತ್ತದೆ. ಮೇಲಷ್ಟೇ ಹಾಸುವ ಪ್ರೊಟೆಕ್ಟರ್ ಸಾಲದು. ಆರೂ ಮಗ್ಗುಲು ಮುಚ್ಚಬೇಕು. ಕೊಳ್ಳುವಾಗ ನೇಯ್ಗೆ ಒತ್ತಾಗಿದೆಯಾ, ಜಿಪ್ಪಿನ ಕೊನೆಯಲ್ಲಿ ಸಂದಿ ಇದೆಯಾ ಅಂತ ಬೆರಳಾಡಿಸಿ ನೋಡಿ. ಪ್ಲಾಸ್ಟಿಕ್ಕಿನಂತೆ ಚರಚರ ಅನ್ನುವುದನ್ನು ತಂದರೆ ಈ ಸೆಕೆಯಲ್ಲಿ ಮೈ ಬೆವರಿ ಮಕ್ಕಳು ಮೂರನೇ ದಿನಕ್ಕೇ ಕಿತ್ತೆಸೆಯುತ್ತಾರೆ. ಬಟ್ಟೆಯಂತಿರುವುದನ್ನೇ ತನ್ನಿ.

ಮೇಲಿನ ಹೊದಿಕೆ, ದಿಂಬಿನ ಚೀಲ, ಬೆಡ್‌ಶೀಟ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಲ್ಲಿ ಒಗೆದರೆ ಕೊಳೆ, ಹಿಕ್ಕೆ ಬಹಳಷ್ಟು ಹೋಗುತ್ತದೆ, ಆದರೆ ಹುಳ ಸಾಯುವುದಿಲ್ಲ. ಇಲ್ಲಿನ ಎಷ್ಟೋ ಮನೆಯ ಮೆಷಿನ್‌ಗಳಲ್ಲಿ ಬಿಸಿನೀರಿನ ವ್ಯವಸ್ಥೆ ಇರುವುದಿಲ್ಲ. ಹಾಗಿದ್ದರೆ ಎಚ್‌ಡಿಬಿ (ಸರ್ಕಾರಿ ವಸತಿ) ಬ್ಲಾಕುಗಳ ಕೆಳಗೆ, ಮಾರ್ಕೆಟ್ ಹತ್ತಿರ ಇರುವ ಕಾಸು ಹಾಕುವ ಲಾಂಡ್ರಿಗೆ ಹೋಗಿ. ಅಲ್ಲಿನ ಬಿಸಿ ಡ್ರೈಯರ್‌ನಲ್ಲಿ ಹಾಕಿದರೂ ಹುಳ ಸಾಯುತ್ತದೆ.

ಅಜ್ಜಿ ಹೊಲಿದು ಕೊಟ್ಟ ಕೌದಿ ಬಗ್ಗೆ ಒಂದು ಮಾತು. ಅದನ್ನು ಎಸೆಯಿರಿ ಅಂತ ನಾನು ಹೇಳುವುದಿಲ್ಲ. ಹಳೇ ಸೀರೆಗಳ ಪದರ ಪದರ, ವರ್ಷಕ್ಕೊಮ್ಮೆ ಒಗೆತ, ಹುಳಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಒಗೆದು, ಡ್ರೈಯರ್‌ನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಟ್ಟುಕೊಳ್ಳಿ. ಉಬ್ಬಸ ಇರುವ ಮಗುವಿಗೆ ಮಾತ್ರ ದಿನಾ ಹೊದಿಸಬೇಡಿ. ಬೂರುಗದ ಹತ್ತಿಯ ದಿಂಬು, ಹಾಸಿಗೆಯ ಸುತ್ತ ಗುಡ್ಡೆ ಹಾಕಿದ ಗೊಂಬೆಗಳ ಕಥೆಯೂ ಇದೇ. ಮಗು ಬಿಟ್ಟಿರಲಾರದ ಒಂದು ಗೊಂಬೆಯನ್ನು ಇಟ್ಟುಕೊಂಡು ಅದನ್ನೂ ವಾರಕ್ಕೊಮ್ಮೆ ಬಿಸಿನೀರಿಗೆ ಹಾಕಿ. ಒಗೆಯಲಾಗದ್ದಾದರೆ ಒಂದೆರಡು ದಿನ ಫ್ರೀಜರ್‌ನಲ್ಲಿಡಿ. ಹುಳ ಸಾಯುತ್ತದೆ, ಹಿಕ್ಕೆ ಉಳಿಯುತ್ತದೆ, ಹಾಗಾಗಿ ಆಮೇಲೆ ಚೆನ್ನಾಗಿ ಕೊಡವಿ. ಕೊಡವುವಾಗ ಮಗು ಹತ್ತಿರ ಬೇಡ.

ಒಂದೇ ಉಪಾಯದಿಂದ ದೊಡ್ಡ ಬದಲಾವಣೆ ಕಾಣುವುದಿಲ್ಲ ಅನ್ನುವುದನ್ನೂ ತಿಳಿದಿರಿ. ಬರೀ ಕವರ್ ಹಾಕಿ ಸುಮ್ಮನಾದರೆ ಫಲ ಕಡಿಮೆ. ಕವರ್, ಬಿಸಿನೀರು, ಕಾರ್ಪೆಟ್ ತೆಗೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲ ಸೇರಿದರೆ ಆಗುತ್ತದೆ. ಒಣ ಪೊರಕೆಯಲ್ಲಿ ಗುಡಿಸಬೇಡಿ. ನೆಲದ ಧೂಳು ನೇರ ಮೂಗಿಗೆ ಬರುತ್ತದೆ.

4. ತೇವ, ಏಸಿ, ಜಿರಳೆ

ಅಂಗಡಿಯಲ್ಲಿ ಕಡಿಮೆ ಬೆಲೆಗೆ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಸಿಗುತ್ತದೆ. ಒಂದನ್ನು ತಂದು ಮಲಗುವ ಕೋಣೆಯಲ್ಲಿಡಿ. ಶೇ. 50ರ ಕೆಳಗೆ ಬಹಳ ದಿನ ಇದ್ದರೆ ಹುಳ ಒಣಗಿ ಸಾಯುತ್ತದೆ. ಸಿಂಗಾಪುರದಲ್ಲಿ ಅಷ್ಟಕ್ಕೆ ಇಳಿಸುವುದು ಸುಲಭವಲ್ಲ. 60ರ ಆಸುಪಾಸಿಗೆ ತಂದರೂ ಬೂಷ್ಟು ಕಟ್ಟುವುದು ಕಡಿಮೆಯಾಗುತ್ತದೆ.

ನವೆಂಬರ್‌ನಿಂದ ಜನವರಿವರೆಗೆ ಮಳೆ ಜಾಸ್ತಿ. ಹೊರಗಿನ ಬಿದಿರು ಗಳುವಿನಲ್ಲಿ ಬಟ್ಟೆ ಒಣಗದೆ ಕೋಣೆಯೊಳಗೆ ಹರವುತ್ತೇವೆ. ಅಷ್ಟೂ ನೀರು ಗೋಡೆಗೆ, ಹಾಸಿಗೆಗೆ ಹೋಗುತ್ತದೆ. ಮಲಗುವ ಕೋಣೆ ಬಿಟ್ಟು ಬೇರೆಲ್ಲಾದರೂ ಫ್ಯಾನ್ ಹಾಕಿ ಒಣಗಿಸಿ. ಬೀರುವಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಮಾಸ್ಕ್ ಹಾಕಿಕೊಂಡು ಸೋಪು ನೀರಿನಿಂದ ಉಜ್ಜಿ ಒಣಗಿಸಿ. ಒರೆಸಿದ ವಾರಕ್ಕೇ ಮತ್ತೆ ಬಂದರೆ ಗೋಡೆಯೊಳಗೆ ಎಲ್ಲೋ ನೀರು ಸೋರುತ್ತಿದೆ ಅಂತ ಅರ್ಥ. ಬಾಡಿಗೆ ಮನೆಯಾದರೆ ಫೋಟೋ ತೆಗೆದು ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಏಸಿ ಹಾಕಿದರೆ ತೇವ ಇಳಿಯುತ್ತದೆ, ನಿಜ. ಆದರೆ ಮುಂಭಾಗದ ಮುಚ್ಚಳ ತೆಗೆದು ಜಾಳಿಗೆಯನ್ನು ಒಮ್ಮೆ ಹೊರಗೆಳೆದು ನೋಡಿ. ಬೂದಿ ಬಣ್ಣದ ದಪ್ಪ ಪದರ ಕಂಬಳಿಯಂತೆ ಕೂತಿರುತ್ತದೆ. ರಾತ್ರಿಯಿಡೀ ಮುಖಕ್ಕೆ ಬೀಸುವ ಗಾಳಿ ಅದನ್ನೇ ದಾಟಿ ಬರುವುದು. ಎರಡು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಕಾಯಿಲ್ ಶುಚಿ ಮಾಡಲು ಮೂರು ತಿಂಗಳಿಗೊಮ್ಮೆ ಸರ್ವೀಸಿನವರನ್ನು ಕರೆಸಿ.

ಜಿರಳೆಯ ಅಲರ್ಜಿಯೂ ಅಸ್ತಮಾಕ್ಕೆ ಕಾರಣ. ಹಳೇ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ ಕಸದ ಚ್ಯೂಟ್ ಅಡುಗೆಮನೆಯೊಳಗೇ ಇರುತ್ತದೆ. ಅದರ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೆ ಬದಲಿಸಿ, ಕಸವನ್ನು ಗಂಟು ಕಟ್ಟಿಯೇ ಹಾಕಿ. ಸ್ಪ್ರೇ ಹೊಡೆದರೆ ಅದರ ವಾಸನೆಗೇ ದಮ್ಮು ಬರಬಹುದು. ಜೆಲ್ ಇಡುವುದು ಮೇಲು.

5. ಹೊಗೆ: ಮನೆಯೊಳಗಿನದು, ಹೊರಗಿನದು

ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಆರೋಗ್ಯವಂತರನ್ನೇ ಕೆಮ್ಮಿಸುತ್ತದೆ. ಸಾರಿನಪುಡಿ, ಹುಳಿಪುಡಿಗೆ ಹುರಿಯುವ ದಿನ ಉಬ್ಬಸದವರನ್ನು ಕೋಣೆಗೆ ಕಳಿಸಿ ಬಾಗಿಲು ಹಾಕಿ. ಅಡುಗೆಮನೆ ಕಿಟಕಿ ತೆರೆದಿಡಿ. ಒಲೆ ಮೇಲಿನ ಹುಡ್ ಹೊಗೆಯನ್ನು ಹೊರಗೆ ಬಿಡುತ್ತದಾ ಅಥವಾ ಸೋಸಿ ಮತ್ತೆ ಒಳಗೇ ಬಿಡುತ್ತದಾ ಅಂತ ಗಮನಿಸಿ. ಎರಡನೆಯದಾದರೆ ಅದನ್ನು ನಂಬಬೇಡಿ.

ಊದುಬತ್ತಿ, ಧೂಪ, ಕರ್ಪೂರದ ಹೊಗೆಯೂ ಹೊಗೆಯೇ. ಇದನ್ನು ಹೇಳಿದರೆ ಹಿರಿಯರಿಗೆ ಬೇಸರವಾಗುತ್ತದೆ, ಗೊತ್ತು. ತುಪ್ಪದ ದೀಪ, ಹೂವು ಇಟ್ಟು ಮಾಡಿದ ಪೂಜೆಯಲ್ಲಿ ಯಾವ ಕೊರತೆಯೂ ಆಗದು. ಹಬ್ಬಕ್ಕೆ ಹಚ್ಚಲೇಬೇಕು ಅಂದರೆ ಒಂದೇ ಕಡ್ಡಿ, ತೆರೆದ ಕಿಟಕಿಯ ಹತ್ತಿರ. ನಮ್ಮ ಶ್ರಾವಣ, ಗಣೇಶನ ಹಬ್ಬದ ಆಸುಪಾಸಿನಲ್ಲೇ ಚೀನೀಯರ ಏಳನೇ ತಿಂಗಳು ಬರುತ್ತದೆ. ಪಿತೃಗಳಿಗಾಗಿ ಬ್ಲಾಕಿನ ಕೆಳಗೆ ಕಾಗದ ಸುಡುತ್ತಾರೆ. ಅವರ ಶ್ರದ್ಧೆ ಅವರದು. ಆ ಸಂಜೆಗಳಲ್ಲಿ ಆ ಕಡೆಯ ಕಿಟಕಿ ಮುಚ್ಚಿ, ಬೂದಿ ಹಾರುವುದು ನಿಂತ ಮೇಲೆ ತೆರೆಯಿರಿ.

ಸಿಗರೇಟಿನ ಮಾತು ಬೇರೆ. ಬಾಲ್ಕನಿಯಲ್ಲಿ ಸೇದಿ ಬಂದರೂ ಬಟ್ಟೆಯಲ್ಲಿ, ಕೂದಲಲ್ಲಿ ಅದು ಮಗುವಿನ ತನಕ ಬರುತ್ತದೆ. ಎಚ್‌ಡಿಬಿಯ ಕಾರಿಡಾರ್, ಮೆಟ್ಟಿಲು, ವಾಯ್ಡ್ ಡೆಕ್ ಅನ್ನುವ ನೆಲಮಹಡಿಯ ತೆರೆದ ಜಾಗಗಳಲ್ಲಿ 2013ರಿಂದಲೇ ಧೂಮಪಾನ ನಿಷಿದ್ಧ. ವೇಪ್ (ಇ-ಸಿಗರೇಟು) ಅಂತೂ ಇಟ್ಟುಕೊಳ್ಳುವುದೇ ಇಲ್ಲಿ ಅಪರಾಧ. ಊರಿನಿಂದ ಬರುವ ನೆಂಟರಿಗೆ ಮೊದಲೇ ತಿಳಿಸಿ.

ಇನ್ನು ಹೇಜ್. ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣ ದಿನಗಳಲ್ಲಿ ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್ ಕಡೆ ಕಾಡು ಮತ್ತು ಪೀಟ್ ನೆಲಕ್ಕೆ ಬೆಂಕಿ ಬಿದ್ದರೆ ಗಾಳಿ ಆ ಹೊಗೆಯನ್ನು ಇಲ್ಲಿಗೆ ತರುತ್ತದೆ. 2013ರ ಜೂನ್ 21ರಂದು ಮಾಲಿನ್ಯದ ಸೂಚ್ಯಂಕ ಪಿಎಸ್‌ಐ 401ಕ್ಕೆ ಏರಿತ್ತು. 2015ರ ಸೆಪ್ಟೆಂಬರ್ 25ರಂದು ಶಾಲೆಗಳನ್ನೇ ಮುಚ್ಚಬೇಕಾಯಿತು. ಪ್ರತಿ ವರ್ಷ ಹಾಗಾಗುವುದಿಲ್ಲ, ಆದರೆ ತಯಾರಿ ಇರಲಿ.

ಪಿಎಸ್‌ಐ ಸಂಖ್ಯೆಯನ್ನು ಸಿಂಗಾಪುರದ ಪರಿಸರ ಸಂಸ್ಥೆ ಎನ್‌ಇಎ ಕೊಡುತ್ತದೆ, ಮೈಎನ್ವ್ ಆ್ಯಪ್‌ನಲ್ಲಿ ನೋಡಬಹುದು. 100ರವರೆಗೆ ಪರವಾಗಿಲ್ಲ. 101ರಿಂದ 200 ಅಂದರೆ ಅನಾರೋಗ್ಯಕರ, 300 ದಾಟಿದರೆ ಅಪಾಯ. ಉಬ್ಬಸ ಇರುವವರು 101 ದಾಟುತ್ತಿದ್ದಂತೆ ಹೊರಗಿನ ಓಟ, ಆಟ ಕಡಿಮೆ ಮಾಡಬೇಕು. ಈ ಕ್ಷಣ ಹೊರಗೆ ಹೋಗಬಹುದಾ ಅಂತ ತಿಳಿಯಲು ಒಂದು ಗಂಟೆಯ ಪಿಎಂ 2.5, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಕಣಗಳ ಅಳತೆ, ನೋಡಿ. ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಈ ಸಣ್ಣ ಕಣಕ್ಕೆ ಅಷ್ಟಾಗಿ ಉಪಯೋಗವಿಲ್ಲ. ಎನ್95 ಬೇಕು, ಅದೂ ಮುಖಕ್ಕೆ ಸಂದಿಯಿಲ್ಲದೆ ಕೂರಬೇಕು. ಅದನ್ನು ಹಾಕಿದರೆ ಉಸಿರಾಡಲು ಕಷ್ಟ ಅನ್ನುವವರು ಡಾಕ್ಟರನ್ನು ಕೇಳಿಯೇ ಬಳಸಿ. ಹೇಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಹೊಗೆ ಕವಿದ ಮೇಲೆ ಅಂಗಡಿಗೆ ಓಡಬೇಡಿ. ಆಗ ಅಂಗಡಿಗಳಲ್ಲಿ ಖಾಲಿಯಾಗಿರುತ್ತದೆ. ಕೋಣೆಯ ಅಳತೆಗೆ ತಕ್ಕದ್ದನ್ನು ಮೊದಲೇ ತಂದಿಡಿ.

6. ಇನ್ಹೇಲರ್: ಎಲ್ಲಕ್ಕಿಂತ ಮುಖ್ಯ

"ಪಂಪು ಹಚ್ಚಿಕೊಂಡರೆ ಬಿಡಲು ಆಗುವುದಿಲ್ಲ" ಅನ್ನುವ ಭಯ ನಮ್ಮಲ್ಲಿ ಗಟ್ಟಿಯಾಗಿದೆ. ಇದರಿಂದ ಆಗುವ ನಷ್ಟ ದೊಡ್ಡದು. ಪಂಪನ್ನು ಬೇಡ ಅಂದವರೇ ಉಸಿರು ಸಿಕ್ಕಿಹಾಕಿಕೊಂಡಾಗ ಸ್ಟೀರಾಯ್ಡ್ ಮಾತ್ರೆ ನುಂಗುತ್ತಾರೆ. ಪ್ರೆಡ್ನಿಸೊಲೋನ್‌ನ ಒಂದು ಸಣ್ಣ ಮಾತ್ರೆ 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ, ಇಡೀ ಮೈಗೆಲ್ಲ ಹೋಗುತ್ತದೆ. ಕಾಯಿಲೆ ತಡೆಯಲು ದಿನಾ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್‌ನ ಒಂದು ಎಳೆತದಲ್ಲಿ ಇರುವುದು ಸಾಮಾನ್ಯವಾಗಿ 100, 200 ಮೈಕ್ರೋಗ್ರಾಂ, ಅದೂ ನೇರ ಶ್ವಾಸಕೋಶಕ್ಕೆ. ಚಟ ಆಗುವಂಥದ್ದು ಅದರಲ್ಲಿ ಏನೂ ಇಲ್ಲ.

ಎರಡು ಬಗೆ ತಿಳಿದಿರಲಿ. ಸಾಲ್ಬುಟಮಾಲ್ ಇರುವುದು, ಹೆಚ್ಚಾಗಿ ನೀಲಿ ಬಣ್ಣದ್ದು, ಬಿಗಿದ ಕೊಳವೆಯನ್ನು ನಿಮಿಷಗಳಲ್ಲಿ ಸಡಿಲ ಮಾಡುತ್ತದೆ. ಒಳಗಿನ ಊತವನ್ನು ಅದು ಇಳಿಸುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇರುವ ಇನ್ಹೇಲರ್. ಚೆನ್ನಾಗಿದ್ದ ದಿನವೂ ಹೇಳಿದಷ್ಟು ಎಳೆಯಲೇಬೇಕು. ಬರೀ ನೀಲಿ ಪಂಪಿನಲ್ಲೇ ಅಸ್ತಮಾ ನಿಭಾಯಿಸುವುದನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಜೀನಾ 2019ರಿಂದಲೇ ದೊಡ್ಡವರಿಗೆ, ಹದಿವಯಸ್ಸಿನವರಿಗೆ ಬೇಡ ಅಂದಿದೆ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನೀಲಿ ಪಂಪು ಬೇಕಾಗುತ್ತಿದೆ, ರಾತ್ರಿ ಎಚ್ಚರವಾಗುತ್ತಿದೆ ಅಂದರೆ ಅಸ್ತಮಾ ಹತೋಟಿಯಲ್ಲಿಲ್ಲ. ಡಾಕ್ಟರನ್ನು ನೋಡಿ.

ಎಳೆಯುವ ಕ್ರಮ. ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಇನ್ಹೇಲರ್‌ನ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನಕ್ಕೆ ಒಳಗೆ ಎಳೆಯಲು ಶುರು ಮಾಡಿ, ಆಗಲೇ ಒತ್ತಿ, ಎಳೆಯುತ್ತಲೇ ಇರಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಇನ್ನೊಂದು ಬೇಕಾದರೆ ಅರ್ಧ ನಿಮಿಷ ಬಿಟ್ಟು. ಕನ್ನಡಿ ಮುಂದೆ ನಿಂತು ಮಾಡಿ. ಬಾಯಿಯ ಅಂಚಿನಿಂದಲೋ ಮೂಗಿನಿಂದಲೋ ಬಿಳಿ ಮಂಜು ಹೊರಗೆ ಬಂದರೆ ಔಷಧ ಎದೆಗೆ ಹೋಗಿಲ್ಲ, ಗಾಳಿಗೆ ಹೋಗಿದೆ. ಒತ್ತುವುದು ಮತ್ತು ಎಳೆಯುವುದು ಹೊಂದಿಕೆಯಾಗದವರು, ಅಂದರೆ ಮಕ್ಕಳು, ವಯಸ್ಸಾದವರು ಮತ್ತು ನಿಜ ಹೇಳಬೇಕೆಂದರೆ ನಮ್ಮಲ್ಲಿ ಬಹುಪಾಲು ಜನ, ಸ್ಪೇಸರ್ (ಪಂಪಿಗೆ ಜೋಡಿಸುವ, ಔಷಧವನ್ನು ಹಿಡಿದಿಡುವ ಕೊಳವೆ) ಹಾಕಿಕೊಳ್ಳಬೇಕು. ಪುಡಿ ಇರುವ ಇನ್ಹೇಲರ್‌ಗೆ ಮಾತ್ರ ಕ್ರಮ ಬೇರೆ, ಅದನ್ನು ಜೋರಾಗಿ, ವೇಗವಾಗಿ ಎಳೆಯಬೇಕು. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು.

ಸ್ಪೇಸರನ್ನು ಸೋಪು ನೀರಿನಲ್ಲಿ ಅದ್ದಿ ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಉಜ್ಜಿದ್ದರಿಂದ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಸ್ಪೇಸರಿನ ಒಳಗೋಡೆಗೇ ಅಂಟಿ ಕೂರುತ್ತದೆ. ನೀರಲ್ಲಿ ತೇಲಿಸಿ ಪಂಪು ಖಾಲಿಯೇ ಅಂತ ನೋಡುವುದು ತಪ್ಪು ವಿಧಾನ. ಲೆಕ್ಕ ತೋರಿಸುವ ಕಿಂಡಿ ಇಲ್ಲದಿದ್ದರೆ ಶುರು ಮಾಡಿದ ತಾರೀಕನ್ನು ಡಬ್ಬಿ ಮೇಲೆ ಬರೆದಿಡಿ.

ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬಲ ಮೂಗಿಗಾದರೆ ಎಡಗೈಯಲ್ಲಿ, ಎಡ ಮೂಗಿಗಾದರೆ ಬಲಗೈಯಲ್ಲಿ ಹಿಡಿಯಿರಿ. ಆಗ ತುದಿ ತಾನಾಗಿ ಹೊರಗಿನ ಕಡೆ ತಿರುಗುತ್ತದೆ, ನಡುಗೋಡೆಗೆ ತಾಗಿ ರಕ್ತ ಬರುವುದು ತಪ್ಪುತ್ತದೆ. ಪೂರ್ತಿ ಫಲ ಕಾಣಲು ಒಂದೆರಡು ವಾರ ಬೇಕು, ಎರಡೇ ದಿನಕ್ಕೆ ಬಿಡಬೇಡಿ. ಮೂಗು ತಕ್ಷಣ ತೆರೆಯುವ ಆಕ್ಸಿಮೆಟಜೋಲಿನ್ ಹನಿಗಳನ್ನು ಮಾತ್ರ ಮೂರು ದಿನ, ಹೆಚ್ಚೆಂದರೆ ಐದು ದಿನ. ಆಮೇಲೆ ಅದೇ ಮೂಗು ಕಟ್ಟಿಸುತ್ತದೆ.

ಊರಿಂದ ಸ್ಟ್ರಿಪ್‌ಗಟ್ಟಲೆ ತರುವ ಮಾಂಟೆಲುಕಾಸ್ಟ್-ಲೆವೊಸೆಟ್ರಿಜಿನ್ ಮಾತ್ರೆ ಬಗ್ಗೆ ದಯವಿಟ್ಟು ಎಚ್ಚರ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಸಿಡುಕು, ಖಿನ್ನತೆ, ಸಾಯುವ ಯೋಚನೆ ಕೂಡ ಬರಬಹುದು ಅಂತ ಅಮೆರಿಕದ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಡಾಕ್ಟರು ನೋಡಿ ಕೊಟ್ಟರೆ ಸರಿ. ಮಗು ಸೀನಿತು ಅಂತ ನಾವೇ ಕೊಡುವ ಮಾತ್ರೆ ಅದಲ್ಲ.

7. ಊಟದಲ್ಲಿ ನೋಡಬೇಕಾದ್ದು

ಧೂಳಿನ ಹುಳದ ಅಲರ್ಜಿ ಇರುವ ಕೆಲವರಿಗೆ ಸಿಗಡಿ, ಏಡಿಯೂ ಆಗುವುದಿಲ್ಲ. ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇರುವುದೇ ಕಾರಣ. ಮಂಗಳೂರು, ಕಾರವಾರದ ಕಡೆಯವರು ಗಮನಿಸಿ. ಶುದ್ಧ ಸಸ್ಯಾಹಾರಿಗಳೂ ಹಾಕರ್ ಸೆಂಟರ್‌ನಲ್ಲಿ ಕೇಳಿಯೇ ತಿನ್ನಬೇಕು. ಇಲ್ಲಿನ ಸಂಬಾಲ್ ಚಟ್ನಿಯಲ್ಲಿ ಬೆಲಚಾನ್ ಅನ್ನುವ ಸಿಗಡಿ ಮುದ್ದೆ ಇರುವುದು ಸಾಮಾನ್ಯ. ಹಕ್ಕಿ ಗೂಡಿನ ಪೇಯ, ಅಂದರೆ ಹಕ್ಕಿಯ ಜೊಲ್ಲಿನಿಂದಾದ ಗೂಡನ್ನು ಕುದಿಸಿ ಮಾಡುವ ಬರ್ಡ್ಸ್ ನೆಸ್ಟ್, ಇಲ್ಲಿ ಉಡುಗೊರೆಯಾಗಿ ಬರುತ್ತದೆ. 1990ರ ದಶಕದ ಅಧ್ಯಯನದಲ್ಲಿ ಸಿಂಗಾಪುರದ ಮಕ್ಕಳಲ್ಲಿ ಆಹಾರದಿಂದ ಆಗುವ ತೀವ್ರ ಅಲರ್ಜಿಗೆ ಮೊದಲನೇ ಕಾರಣ ಅದೇ ಆಗಿತ್ತು. ಅಲರ್ಜಿ ಇರುವ ಮಗುವಿಗೆ ರುಚಿ ನೋಡಲೆಂದು ಕೊಡಬೇಡಿ.

ನಮ್ಮ ಅಡುಗೆಮನೆಯ ಹಿಟ್ಟಿನ ಡಬ್ಬಿಯನ್ನೂ ನೋಡಬೇಕು. ತೆರೆದಿಟ್ಟ ಗೋಧಿ ಹಿಟ್ಟು, ಮೈದಾ, ಪ್ಯಾನ್‌ಕೇಕ್ ಮಿಕ್ಸ್‌ನಲ್ಲಿ ಈ ಹುಳಗಳು ಬೆಳೆಯುತ್ತವೆ. ಬೇಯಿಸಿದರೂ ಅಲರ್ಜಿಯ ಅಂಶ ಪೂರ್ತಿ ಹೋಗುವುದಿಲ್ಲ. ಅದನ್ನು ತಿಂದು ತೀವ್ರ ಅಲರ್ಜಿ ಆದ ಪ್ರಕರಣಗಳು ಬಿಸಿ ನಾಡುಗಳಿಂದ ವರದಿಯಾಗಿವೆ. ಜರಡಿ ಹಿಡಿದರೆ ಹೋಗುವ ಹುಳ ಇದಲ್ಲ. ಊರಿಂದ ತಂದ ರಾಗಿ ಹಿಟ್ಟೂ ಸೇರಿದಂತೆ ಎಲ್ಲ ಹಿಟ್ಟನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿಡಿ.

8. ದಮ್ಮು ಏರಿದರೆ

ಅಸ್ತಮಾ ಇರುವ ಪ್ರತಿಯೊಬ್ಬರೂ ಹಸಿರು-ಹಳದಿ-ಕೆಂಪು ಹಂತ ಬರೆದ ಆ್ಯಕ್ಷನ್ ಪ್ಲಾನ್ ಹಾಳೆಯನ್ನು ಡಾಕ್ಟರಿಂದ ಕೇಳಿ ಪಡೆಯಬೇಕು. ಫ್ರಿಜ್ ಬಾಗಿಲಿಗೆ ಅಂಟಿಸಿ. ಒಂದು ಪ್ರತಿ ಶಾಲೆಗೆ, ಒಂದು ಮನೆಕೆಲಸದವರ ಕೈಗೆ. ಅವರಿಗೆ ಸ್ಪೇಸರ್ ಹಿಡಿಯುವುದನ್ನೂ ಕಲಿಸಿ.

ಹಾಳೆ ಕೈಗೆ ಸಿಗದಿದ್ದರೆ ಹೀಗೆ ಮಾಡಿ. ನೇರ ಕೂರಿಸಿ, ಮಲಗಿಸಬೇಡಿ. ನೀಲಿ ಪಂಪನ್ನು ಸ್ಪೇಸರ್‌ಗೆ ಹಾಕಿ ಒಂದು ಸಲ ಒತ್ತಿ, ನಾಲ್ಕು ಉಸಿರು. ಹೀಗೆ ಒಂದೊಂದಾಗಿ ನಾಲ್ಕು ಸಲ. ನಾಲ್ಕು ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ 995ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಅದನ್ನೇ ಮುಂದುವರಿಸಿ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿ, ಮಂಕು, ಉಸಿರೆಳೆದಾಗ ಪಕ್ಕೆಯ ನಡುವೆ ಮತ್ತು ಗಂಟಲ ಕುಳಿಯಲ್ಲಿ ಚರ್ಮ ಒಳಗೆ ಸೇದುವುದು, ಇವು ಕಂಡರೆ ಕಾಯಬೇಡಿ, ಮೊದಲು 995. ಸುಯ್ ಶಬ್ದ ನಿಂತಿದ್ದರೂ ಉಸಿರಾಟದ ಪರದಾಟ ಹಾಗೇ ಇದ್ದರೆ ಅದು ಸುಧಾರಣೆಯಲ್ಲ. ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ, ಅತಿ ಅಪಾಯ. ಎದೆಗೆ ಬಾಮ್ ಹಚ್ಚುವುದು, ಹಬೆ ಹಿಡಿಸುವುದು ಆ ಹೊತ್ತಿನಲ್ಲಿ ಬೇಡವೇ ಬೇಡ. ಬಿಸಿನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುತ್ತಾರೆ.

ಏನೋ ತಿಂದ ಸ್ವಲ್ಪ ಹೊತ್ತಿಗೆ ಮೈತುಂಬ ಗಾದರಿ, ತುಟಿ ಊತ, ವಾಂತಿ, ಉಸಿರಿಗೆ ಕಷ್ಟ ಒಟ್ಟಿಗೆ ಬಂದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಡಾಕ್ಟರು ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ ಕೊಟ್ಟಿದ್ದರೆ ತೊಡೆಯ ಹೊರಮಗ್ಗುಲಿಗೆ ಕೂಡಲೇ ಚುಚ್ಚಿ, ಬಟ್ಟೆಯ ಮೇಲಿಂದಲೂ ಆಗುತ್ತದೆ. ಆಮೇಲೆ 995. ರೋಗಿಯನ್ನು ಎಬ್ಬಿಸಿ ನಡೆಸಬೇಡಿ.

9. ಊರಿಂದ ಅಪ್ಪ-ಅಮ್ಮ ಬರುವಾಗ

ಮೊಮ್ಮಗುವನ್ನು ನೋಡಲು ಬರುವ ಹಿರಿಯರಲ್ಲಿ "ವಯಸ್ಸಾಯ್ತು, ಅದಕ್ಕೇ ಏದುಸಿರು" ಅನ್ನುವವರು ಬಹಳ. ಅಪ್ಪ ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದ್ದರೆ, ಅಮ್ಮ ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಅರ್ಧ ಆಯಸ್ಸು ಕಳೆದಿದ್ದರೆ, ಅದು ಸಿಒಪಿಡಿ ಇರಬಹುದು. ಒಮ್ಮೆಯೂ ಸಿಗರೇಟು ಮುಟ್ಟದ ಹೆಂಗಸರಿಗೂ ಆ ಒಲೆಯ ಹೊಗೆಯಿಂದಲೇ ಇದು ಬರುತ್ತದೆ. ಹೊರಡುವ ಮೊದಲೇ ಊರಲ್ಲಿ ಸ್ಪೈರೋಮೆಟ್ರಿ ಮಾಡಿಸಿ. ಫ್ಲೂ ಲಸಿಕೆ ಹಾಕಿಸಿ, ಸಿಂಗಾಪುರದಲ್ಲಿ ಫ್ಲೂ ವರ್ಷವಿಡೀ ಇರುತ್ತದೆ. ನ್ಯುಮೋಕೋಕಲ್ ಲಸಿಕೆ ಬೇಕಾ ಅಂತಲೂ ಕೇಳಿ. ಪ್ರವಾಸ ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಇಲ್ಲಿ ಅವರಿಗೆ ಸಬ್ಸಿಡಿ ಇಲ್ಲ, ಆಸ್ಪತ್ರೆ ಬಿಲ್ಲು ತುಂಬಾ ಭಾರ.

ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ಡಾಕ್ಟರ ಚೀಟಿಯ ಜೊತೆ ತರಲಿ. ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ತರಬಹುದು. ಕೊಡೀನ್ ಇರುವ ಕೆಮ್ಮಿನ ಸಿರಪ್‌ನಂಥ ಕೆಲವಕ್ಕೆ ಔಷಧಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಎಯ ಅನುಮತಿ ಮೊದಲೇ ಬೇಕಾಗಬಹುದು, ಅವರ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಬಂದಿಳಿದ ದಿನವೇ ಅಮ್ಮನ ಕೈಗೆ ಇನ್ಹೇಲರ್ ಕೊಟ್ಟು "ಒಮ್ಮೆ ಎಳೆದು ತೋರಿಸಮ್ಮ" ಅನ್ನಿ. ಊರಿನಿಂದ ಹೊರಡುವಾಗ ನೀಲಿ ಪಂಪು ಮತ್ತು ಸ್ಪೇಸರ್ ಅವರ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸೂಟ್‌ಕೇಸ್‌ನಲ್ಲಿ ಹಾಕಿದರೆ ವಿಮಾನದಲ್ಲಿ ಬೇಕಾದಾಗ ಸಿಗುವುದಿಲ್ಲ.